ನೆಲವೇ ಡೊಂಕು

ಮಾರ್ಚ್ 4, ಸೋಮವಾರ

ಫೇಲ್.

ಬರೆದು ನೋಡಿದೆ. ಬರೆದ ಮೇಲೂ ನಂಬಿಕೆ ಬರುತ್ತಿಲ್ಲ. ಇಪ್ಪತ್ತೆರಡು ವರ್ಷ ಕ್ರೇನ್ ನಡೆಸಿದವಳು ನಾನು. ಹನ್ನೆರಡು ಟನ್ನಿನ ಉಕ್ಕಿನ ಸುರುಳಿಯನ್ನು ಲಾರಿಯ ಮೇಲೆ ಇಳಿಸಿದರೆ ಮುಂದೆ ತೂಕಡಿಸುತ್ತಿರುವ ಡ್ರೈವರಿಗೆ ಎಚ್ಚರವಾಗಬಾರದು, ಹಾಗೆ ಇಳಿಸುವವಳು. ಅಂಥವಳು ಟಿವಿಯಲ್ಲಿ ದೀಪ ಕಂಡಾಗ ಗುಂಡಿ ಒತ್ತುವ ಪರೀಕ್ಷೆಯಲ್ಲಿ ಬಿದ್ದೆ.

ವರ್ಷಕ್ಕೊಮ್ಮೆ ಗೋದಾಮಿನ ಆಪರೇಟರುಗಳಿಗೆಲ್ಲ ಈ ಪರೀಕ್ಷೆ. ತರಬೇತಿ ಕೋಣೆಯ ಟಿವಿಯಲ್ಲಿ ಕೆಂಪು, ಹಸಿರು, ನೀಲಿ ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತವೆ. ಹೊತ್ತಿದ ಕೂಡಲೇ ಅದೇ ಬಣ್ಣದ ಗುಂಡಿ ಒತ್ತಬೇಕು. ಒಟ್ಟು ನಲವತ್ತು ದೀಪ. ಸರಾಸರಿ ಸಮಯ ಸೆಕೆಂಡಿನ ನೂರು ಭಾಗದಲ್ಲಿ ನಲವತ್ತನ್ನು ದಾಟಬಾರದು. ಹೋದ ವರ್ಷ ನನ್ನದು ಮೂವತ್ಮೂರು ಬಂದಿತ್ತು. ಇವತ್ತು ನಲವತ್ತಾರು.

"ಫೇಲ್ ಅಂತ ಯಾಕಂತೀರಿ ಮೇಡಂ? ಮಿತಿ ಮೀರಿದೆ, ಅಷ್ಟೇ" ಅಂದರು ಸುರಕ್ಷತಾ ಅಧಿಕಾರಿ. ಅಳಿಯ ಅಲ್ಲ, ಮಗಳ ಗಂಡ ಅನ್ನುವ ಹಾಗೆ. "ಜನವರಿಯಲ್ಲಿ ಮಣಿಕಟ್ಟು ಮುರೀತು. ವಯಸ್ಸೂ ಐವತ್ತೊಂದಾಯ್ತು. ಇನ್ನೊಂದು ತಿಂಗಳು ಟೈಮ್ ಕೊಡ್ತೀವಿ."

ಏಪ್ರಿಲ್ ಮೂರಕ್ಕೆ ಮತ್ತೆ ಪರೀಕ್ಷೆ. ಅದರಲ್ಲೂ ಬಿದ್ದರೆ ಕ್ಯಾಬಿನ್ ಕಾಯಮ್ಮಾಗಿ ಕೈಬಿಟ್ಟಿತು. ಅಲ್ಲಿಯವರೆಗೆ ನನಗೆ ಚೀಟಿ ಅಂಟಿಸುವ ಮೇಜು.

ಎಲ್ಲಕ್ಕಿಂತ ಹೊಟ್ಟೆ ಉರಿದದ್ದು ಯಾಕೆಂದರೆ, ನನ್ನನ್ನು ಕೂರಿಸಿದ್ದು ತಾತನ ಎದುರಿಗೆ. ಅವನೇನು ತಾತನಲ್ಲ, ಐವತ್ತೆಂಟು. ಇಪ್ಪತ್ತೊಂಬತ್ತು ವರ್ಷ ಪಕ್ಕದ ಕ್ರೇನಿನಲ್ಲಿದ್ದವನು. ನವೆಂಬರಿನಲ್ಲಿ ಇದೇ ಪರೀಕ್ಷೆಯಲ್ಲಿ ಬಿದ್ದು ಹೊರಗೆ ಬರುತ್ತಿದ್ದಾಗ ನಾನು ಮೇಲಿನಿಂದ ಕ್ಯಾಬಿನ್ನಿನ ಮೈಕಿನಲ್ಲಿ, "ತಾತ ಬರ್ತಿದ್ದಾರೆ, ದಾರಿ ಬಿಡ್ರಪ್ಪೋ" ಅಂದಿದ್ದೆ. ಇಡೀ ಗೋದಾಮು ನಕ್ಕಿತ್ತು. ಅಂದಿನಿಂದ ಅವನಿಗೆ ಅದೇ ಹೆಸರು. ತಮಾಷೆಗೆ ಅಂದದ್ದು. ಅವನ ಕೈ ನಿಜವಾಗಿಯೂ ನಿಧಾನವಾಗಿತ್ತು, ನನ್ನದಕ್ಕೆ ಏನೂ ಆಗಿಲ್ಲ.

ಈ ಪುಸ್ತಕ ಇವತ್ತು ತಂದೆ. ಸಿಟ್ಟನ್ನು ಎಲ್ಲಾದರೂ ಇಡಬೇಕಲ್ಲ. ನಮ್ಮವರ ಮೇಲೆ ಇಟ್ಟರೆ ಅವರು ಅದನ್ನು ಬೇಕರಿಗೆ ಹೊತ್ತುಕೊಂಡು ಹೋಗಿ ಹಿಟ್ಟಿನ ಮೇಲೆ ತೀರಿಸುತ್ತಾರೆ. ಆಮೇಲೆ ಬ್ರೆಡ್ಡು ಕಲ್ಲಾಗುತ್ತದೆ.

ಮಾರ್ಚ್ 5, ಮಂಗಳವಾರ

ಧಡ್.

ನನ್ನ ಕ್ರೇನಿನಲ್ಲಿ ಈಗ ಬದಲಿ ಆಪರೇಟರ್ ಕೂತಿದ್ದಾನೆ. ಪರೀಕ್ಷೆಯಲ್ಲಿ ಅವನಿಗೆ ಮೂವತ್ತೆಂಟು ಬಂದಿತ್ತಂತೆ, ಪಾಸು. ಸುರುಳಿ ಇಳಿಸಿದಾಗಲೆಲ್ಲ ಧಡ್. ಬೆಳಗ್ಗೆಯಿಂದ ಹದಿನೇಳು ಧಡ್. ಪ್ರತಿ ಸಲವೂ ತಾತ ಚೀಟಿ ಅಂಟಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡುತ್ತಾನೆ. ನಾನು ನೋಡುವುದಿಲ್ಲ.

ಮಾರ್ಚ್ 10, ಭಾನುವಾರ

ಮೇಲಿನ ಮಹಡಿಯಲ್ಲಿರುವ ತಂಗಿ ಅಟ್ಟ ಖಾಲಿ ಮಾಡುತ್ತಿದ್ದಾಗ ನಮ್ಮ ಹಳೆಯ ವಿಡಿಯೋ ಗೇಮಿನ ಪೆಟ್ಟಿಗೆ ಸಿಕ್ಕಿತಂತೆ. ಎರಡು ರಿಮೋಟು, ಒಂದು ಕ್ಯಾಸೆಟ್ಟು, ಎಲ್ಲ ಸೇರಿಸಿ ಹೊತ್ತುಕೊಂಡು ಬಂದಳು.

"ಡಾಕ್ಟ್ರು ಹೆಬ್ಬೆರಳಿಗೆ ಕೆಲಸ ಕೊಡಿ ಅಂದ್ರಲ್ಲಾ? ಆ ಸ್ಪಂಜಿನ ಚೆಂಡು ಹಿಸುಕಿ ಹಿಸುಕಿ ನಿನ್ನ ಮುಖಾನೂ ಸ್ಪಂಜ್ ಆಗಿದೆ. ಇದನ್ನ ಆಡು."

ಶಾಲೆಯ ದಿನಗಳಲ್ಲಿ ಇದೇ ಸೇತುವೆಯ ಆಟಕ್ಕೆ ನಾವಿಬ್ಬರೂ ಜುಟ್ಟು ಹಿಡಿದುಕೊಂಡದ್ದುಂಟು. ಒಬ್ಬ ಪುಟ್ಟ ಮನುಷ್ಯ ಹಲಗೆಯ ಸೇತುವೆ ಮೇಲೆ ಓಡುತ್ತಾನೆ. ಕಾಲ ಕೆಳಗಿನ ಹಲಗೆ ಕೆಂಪಾದ ಕೂಡಲೇ ಹಾರಿಸಬೇಕು, ಇಲ್ಲದಿದ್ದರೆ ಹೊಳೆಗೆ ಬಿದ್ದ. ಆಗ ನಾನು ಮೂರು ಸೇತುವೆ ದಾಟುತ್ತಿದ್ದೆ, ಅವಳು ಎರಡು. ಇದನ್ನು ಅವಳು ಈಗಲೂ ಒಪ್ಪುವುದಿಲ್ಲ.

ಪೆಟ್ಟಿಗೆಯ ಜೊತೆ ಒಂದು ದಪ್ಪ ಕೇಬಲ್ ಇದೆ. ಅದರ ತುದಿಯಲ್ಲಿ ಬೆರಳುದ್ದ ಅಗಲದ, ತುಂಬ ಹಲ್ಲುಗಳಿರುವ ಪಿನ್ನು. ಗೋಡೆಯ ಮೇಲಿರುವ ನಮ್ಮ ಟಿವಿಯಲ್ಲಿ ಅದಕ್ಕೆ ಜಾಗವೇ ಇಲ್ಲ. ಹಳದಿ ಪಿನ್ನಿನ ಇನ್ನೊಂದು ಕೇಬಲ್ಲಿತ್ತು, ಅದನ್ನು ಚುಚ್ಚಿದೆವು. ಚಿತ್ರ ಬಂತು, ಆದರೆ ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗೆ. ಕೆಂಪು ಬಣ್ಣ ಪಕ್ಕಕ್ಕೆಲ್ಲ ಹರಡಿಕೊಂಡಿತ್ತು.

ಮೊದಲ ಸೇತುವೆಯ ಏಳನೇ ಹಲಗೆಯಲ್ಲೇ ಬಿದ್ದೆ. ಮತ್ತೆ ಏಳನೆಯದೇ. ತಂಗಿಯ ಕೈಗೆ ಕೊಟ್ಟೆ. ಅವಳೂ ಏಳನೆಯದರಲ್ಲೇ ಬಿದ್ದಳು.

"ನಿನ್ನ ಕೈ ಮುರಿದಿಲ್ಲವಲ್ಲೇ, ನೀನ್ಯಾಕೆ ಬಿದ್ದೆ?"

"ಇಬ್ಬರಿಗೂ ವಯಸ್ಸಾಯ್ತು ಕಣಕ್ಕಾ."

ನನಗೆ ವಯಸ್ಸಾದ ದಿನ ನಾನೇ ಹೇಳುತ್ತೇನೆ, ನೀನು ಹೇಳಬೇಡ ಅಂತ ಬೈದು ಕಳಿಸಿದೆ.

ಮಾರ್ಚ್ 13, ಬುಧವಾರ

ಕೆಲಸದಿಂದ ಬಂದು ನಲವತ್ತು ಸಲ ಆಡಿದೆ. ನಲವತ್ತು ಸಲವೂ ಹೊಳೆ. ಹಲಗೆ ಕೆಂಪಾದದ್ದು ಕಾಣುತ್ತದೆ, ಬೆರಳು ಒತ್ತುತ್ತದೆ, ಅಷ್ಟರಲ್ಲಿ ಅವನು ನೀರಿನಲ್ಲಿರುತ್ತಾನೆ.

ನಿಜ ಹೇಳಬೇಕೆಂದರೆ ಹೆದರಿಕೆಯಾಗಿದೆ. ಯಾರ ಹತ್ತಿರವೂ ಹೇಳಿಲ್ಲ. ಕೈ ಹೋಯಿತೋ ಏನೋ.

ಮಾರ್ಚ್ 16, ಶನಿವಾರ

ಇವತ್ತಿನದನ್ನು ಒಂದೂ ಬಿಡದೆ ಬರೆಯಬೇಕು.

ಗೇಮಿನ ಪೆಟ್ಟಿಗೆಯೇ ಕೆಟ್ಟಿರಬಹುದೆಂದು ತಂಗಿ ಒಂದು ಅಂಗಡಿಗೆ ಕರೆದುಕೊಂಡು ಹೋದಳು. ಬಸ್ ನಿಲ್ದಾಣದ ಹಿಂದಿನ ಗಲ್ಲಿ, ಬೀಗ ಮಾಡುವವನ ಪಕ್ಕ. ಒಳಗೆ ನೆಲದಿಂದ ಸೂರಿನವರೆಗೆ ಪಿಕ್ಚರ್ ಟ್ಯೂಬಿನ ಹಳೆಯ ಟಿವಿಗಳು, ಬೆನ್ನು ಉಬ್ಬಿಸಿಕೊಂಡು ಕೂತಿವೆ. ನಡುವೆ ಅರವತ್ತು ದಾಟಿದ ಒಬ್ಬ ಹೆಂಗಸು, ಬಾಯಲ್ಲಿ ಸ್ಕ್ರೂ. ಎಲ್ಲರೂ ಅವರನ್ನು ರಿಪೇರಿಯಮ್ಮ ಅನ್ನುತ್ತಾರಂತೆ. ನಾನು ಒಂದು ಟಿವಿಯ ತೆರೆದ ಬೆನ್ನಿನೊಳಗೆ ಬಗ್ಗಿ ನೋಡಿದ್ದಕ್ಕೆ ಕೈ ಮೇಲೆ ಒಂದು ಏಟು ಬಿತ್ತು.

"ಮುಟ್ಟಬೇಡಿ! ವೈರ್ ಕಿತ್ತಿಟ್ರೂ ಒಳಗೆ ಕರೆಂಟ್ ಕೂತಿರುತ್ತೆ. ಇವಕ್ಕೆ ಸಿಟ್ಟು ಬೇಗ ಇಳಿಯಲ್ಲ."

ಈ ಹೆಂಗಸು ನನಗೆ ತಕ್ಷಣ ಹಿಡಿಸಿದರು.

ಅವರು ನಮ್ಮ ಪೆಟ್ಟಿಗೆ ನೋಡಿದರು, ಹಳದಿ ಪಿನ್ನಿನ ಕೇಬಲ್ಲನ್ನು ಸತ್ತ ಇಲಿಯ ಹಾಗೆ ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟರು. ದಪ್ಪ ಕೇಬಲ್ಲನ್ನು ಒಂದು ಟಿವಿಯ ಬೆನ್ನಿಗೆ ಚುಚ್ಚಿದರು. ಅಗಲ ಪಿನ್ನಿಗೆ ಅಗಲ ಬಾಯಿ, ಟಕ್ ಅಂತ ಕೂತಿತು. "ಇದು ಆರ್‌ಜಿಬಿ. ಕೆಂಪು, ಹಸಿರು, ನೀಲಿ ಮೂರೂ ಬೇರೆ ಬೇರೆ ತಂತಿಯಲ್ಲಿ ಬರುತ್ತೆ. ಹಳದಿ ಪಿನ್ನಲ್ಲಿ ಮೂರನ್ನೂ ಒಂದೇ ತಂತಿಗೆ ತುಂಬ್ತಾರೆ, ಅದಕ್ಕೇ ಕಲಸಿಹೋಗೋದು."

ಟಿವಿ ಹೊತ್ತಿಕೊಂಡಿತು. ಚಿತ್ರ ನೋಡಿ ತಂಗಿ "ಅಯ್ಯೋ" ಅಂದಳು. ಪುಟ್ಟ ಮನುಷ್ಯನ ಟೋಪಿಯಲ್ಲಿ ಒಂದು ಗರಿ ಇದೆ! ನಮಗೆ ಮರೆತೇ ಹೋಗಿತ್ತು.

ನಾನು ಆಡಿದೆ. ಏಳನೇ ಹಲಗೆ ದಾಟಿತು. ಎಂಟು, ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು. ಮೊದಲ ಸೇತುವೆ ಮುಗಿಯಿತು. ಇದೇ ಕೈ, ಇದೇ ಮಣಿಕಟ್ಟು, ಇದೇ ಐವತ್ತೊಂದು ವರ್ಷ. ತಂಗಿಯೂ ದಾಟಿದಳು.

"ಆಟ ಸುಲಭ ಮಾಡಿದ್ರಾ?" ಅಂತ ಕೇಳಿದೆ. ನನಗೆ ನಂಬಿಕೆ ಇರಲಿಲ್ಲ.

"ಆಟಕ್ಕೆ ನಾನೇನು ಮಾಡ್ಲಿ? ಟಿವಿ ಬೇರೆ, ಅಷ್ಟೇ. ನಿಮ್ಮ ಹೊಸ ಟಿವಿ ಬಂದ ಚಿತ್ರಾನ ಮೊದಲು ಒಗೆದು, ಇಸ್ತ್ರಿ ಮಾಡಿ, ಆಮೇಲೆ ತೋರಿಸುತ್ತೆ. ಅಷ್ಟು ಹೊತ್ತಿಗೆ ಹಲಗೆ ಮುರಿದಿರುತ್ತೆ. ನೀವು ನೋಡ್ತಿರೋದು ಆಗಿಹೋದ ವಿಷಯ. ಈ ಹಳೇದು ಬಂದಿದ್ದನ್ನ ಬಂದ ಹಾಗೇ ತೋರಿಸುತ್ತೆ."

"ಎಷ್ಟು ತಡ ಆಗುತ್ತೆ?"

"ಸೆಕೆಂಡಿನ ನೂರರಲ್ಲಿ ಎಂಟು, ಹತ್ತು, ಹನ್ನೆರಡು. ಒಂದೊಂದು ಟಿವಿಗೆ ಒಂದೊಂದು. ಸಿನಿಮಾ ನೋಡೋರಿಗೆ ಗೊತ್ತೇ ಆಗಲ್ಲ."

ನೂರರಲ್ಲಿ ಹನ್ನೆರಡು. ಬಸ್ಸಿನಲ್ಲಿ ಬರುವಾಗ ತಂಗಿ ಏನೋ ಹೇಳುತ್ತಲೇ ಇದ್ದಳು. ನನ್ನ ತಲೆಯಲ್ಲಿ ನಲವತ್ತಾರರಿಂದ ಹನ್ನೆರಡನ್ನು ಕಳೆಯುವ ಕೆಲಸ ನಡೆದಿತ್ತು. ತರಬೇತಿ ಕೋಣೆಯ ಟಿವಿ ಹೋದ ಅಕ್ಟೋಬರಿನಲ್ಲಿ ಬದಲಾಯಿತು. ಈಗ ಅಲ್ಲಿ ಗೋಡೆ ತುಂಬ ಹೊಸದು.

ಮಾರ್ಚ್ 19, ಮಂಗಳವಾರ

ಊಟದ ಕೋಣೆಯಲ್ಲಿ ಹೇಳಿಯೇಬಿಟ್ಟೆ. ತಪ್ಪು ನನ್ನ ಕೈಯದ್ದಲ್ಲ, ಟಿವಿಯದ್ದು ಅಂತ.

ಬದಲಿ ಆಪರೇಟರ್, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅಂದ. ಚಮಚ, ಡಬ್ಬಿ, ಮೇಜು ಎಲ್ಲ ಸೇರಿ ನಕ್ಕವು.

"ನೆಲ ನಿಜವಾಗ್ಲೂ ಡೊಂಕಾಗಿದ್ರೆ ಏನಪ್ಪಾ ಮಾಡ್ಬೇಕು? ಡೊಂಕಾಗಿ ಕುಣೀಬೇಕಾ?" ಅಂದೆ. ಅದಕ್ಕೂ ನಕ್ಕರು.

ನಗದೆ ಇದ್ದದ್ದು ತಾತ ಒಬ್ಬನೇ. ಮೇಜಿಗೆ ವಾಪಸು ಬಂದ ಮೇಲೆ, ಅಂಟಿನ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಹೇಳಿದ: "ನಂಗೂ ಹಾಗೇ ಅನ್ನಿಸಿತ್ತಮ್ಮ. ದೀಪ ಕಂಡಾಗಲೇ ತಡ ಆಗಿತ್ತು ಅನ್ನೋ ಹಂಗೆ. ಹೇಳಿದ್ರೆ ನಗ್ತಾರೆ ಅಂತ ಸುಮ್ಮನಾದೆ."

ಯಾರು ನಗುತ್ತಾರೆ ಅಂತ ಕೇಳಲಿಲ್ಲ. ಅವನೂ ಹೇಳಲಿಲ್ಲ. ಚೀಟಿ ಅಂಟಿಸಿದೆವು.

ಅಕ್ಟೋಬರಿನ ನಂತರ ಬಿದ್ದವರು ಮೂರು ಜನ: ತಾತ, ಜನವರಿಯಲ್ಲಿ ಕನ್ನಡಕ, ಈಗ ನಾನು. ಮೂರನೇ ಕ್ರೇನಿನ ಅವನಿಗೆ ಕನ್ನಡಕವೇ ಹೆಸರಾಗಿಬಿಟ್ಟಿದೆ, ಅವನಿಗೂ ನಲವತ್ತೊಂಬತ್ತು ವರ್ಷ. ಮೂವತ್ತರ ಒಳಗಿನವರೆಲ್ಲ ಪಾಸು. ಅವರಿಗೆ ಇಪ್ಪತ್ತಾರೋ ಇಪ್ಪತ್ತೇಳೋ ಬರುವ ಕೈ. ಹನ್ನೆರಡು ಸೇರಿಸಿದರೂ ನಲವತ್ತರ ಒಳಗೇ ಉಳಿಯುತ್ತಾರೆ. ಆದ್ದರಿಂದ ಎಲ್ಲರ ಕಣ್ಣಿಗೂ ಅದು ವಯಸ್ಸಿನ ಹಾಗೆ ಕಂಡಿದೆ. ನನ್ನ ಕಣ್ಣಿಗೂ.

ಮಾರ್ಚ್ 21, ಗುರುವಾರ

ಚೀಟಿ ಅಂಟಿಸುವ ಕೆಲಸಕ್ಕೆ ಇವತ್ತು ಕೈ ಮುಗಿದೆ!

ಆಫೀಸಿನ ಸಾಮಾನುಗಳಿಗೆಲ್ಲ ನಂಬರಿನ ಚೀಟಿ ಅಂಟಿಸಲು ನನ್ನನ್ನು ಕಳಿಸಿದರು. ಕುರ್ಚಿ, ಕಪಾಟು, ಫ್ಯಾನು ಮುಗಿಸಿ ತರಬೇತಿ ಕೋಣೆಗೆ ಹೋದೆ. ದೊಡ್ಡ ಟಿವಿಯ ಹಿಂದೆ ಅಂಟಿಸಲು ಬಗ್ಗಿದರೆ ಅಲ್ಲೇ ಇತ್ತು. ಪರೀಕ್ಷೆಯ ಪೆಟ್ಟಿಗೆಯಿಂದ ಹೊರಟ ಒಂದು ದಪ್ಪ ಕೇಬಲ್, ಸುತ್ತಿ ದಾರ ಕಟ್ಟಿ ಮೂಲೆಗೆ ತಳ್ಳಿದ್ದಾರೆ. ತುದಿಯಲ್ಲಿ ಅಗಲ ಪಿನ್ನು. ನಮ್ಮ ಗೇಮಿನ ಪೆಟ್ಟಿಗೆಯದೇ ಅಚ್ಚು! ಅದಕ್ಕೆ ಹೊಸ ಟಿವಿಯಲ್ಲಿ ಬಾಯಿಲ್ಲವೆಂದು ಹಳದಿ ಪಿನ್ನಿನಿಂದ ಒಂದು ಚಿಕ್ಕ ಡಬ್ಬಿಗೆ, ಆ ಡಬ್ಬಿಯಿಂದ ಟಿವಿಗೆ ಕೊಟ್ಟಿದ್ದಾರೆ. ಡಬ್ಬಿಯೂ ಒಂದಿಷ್ಟು ಹೊತ್ತು ತಿನ್ನದೆ ಇರುತ್ತದೆಯೇ?

ಪೆಟ್ಟಿಗೆಯ ಮುಚ್ಚಳ ತೆಗೆದೆ. ಒಳಗೆ ಹಳದಿಯಾದ ಕಾಗದ ಅಂಟಿಸಿತ್ತು: ಈ ಯಂತ್ರವನ್ನು ಪಿಕ್ಚರ್ ಟ್ಯೂಬಿನ ಟಿವಿಗೆ, ಆರ್‌ಜಿಬಿ ಕೇಬಲ್ಲಿನ ಮೂಲಕವೇ ಜೋಡಿಸತಕ್ಕದ್ದು. ಬೇರೆ ರೀತಿ ಜೋಡಿಸಿದರೆ ಸಮಯದ ಅಳತೆ ಸರಿಯಾಗಿರುವುದಿಲ್ಲ.

ಫೋಟೋ ತೆಗೆದೆ. ಮೂರು ಸಲ ತೆಗೆದೆ. ಆಮೇಲೆ ಚೀಟಿಯನ್ನೂ ಅಂಟಿಸಿದೆ, ನೆಟ್ಟಗೆ.

ಮಾರ್ಚ್ 22, ಶುಕ್ರವಾರ

ಸುರಕ್ಷತಾ ಅಧಿಕಾರಿ ಫೋಟೋವನ್ನು ಎರಡು ಸಲ ಓದಿದರು. ಎದ್ದು ಬಾಗಿಲು ಹಾಕಿದರು. ಕೆಟ್ಟ ಮನುಷ್ಯನಲ್ಲ, ಮುಖ ಬಾಡಿಹೋಯಿತು.

"ಆ ಟಿವಿ ತರಿಸಿದ್ದು ನಾನೇ ಮೇಡಂ. ವಯಸ್ಸಾದೋರಿಗೆ ದೀಪ ದೊಡ್ಡದಾಗಿ ಕಾಣ್ಲಿ ಅಂತ."

ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಒಂದು ಪತ್ರ ಬರೆದು ಮುಂದಿಟ್ಟರು. ಮಣಿಕಟ್ಟಿನ ಪೆಟ್ಟನ್ನು ಪರಿಗಣಿಸಿ ನನಗೆ ವಿಶೇಷ ವಿನಾಯಿತಿ. "ಸಹಿ ಹಾಕಿ, ಸೋಮವಾರದಿಂದಲೇ ಕ್ಯಾಬಿನ್ ಹತ್ತಿ. ಟಿವಿ ವಿಷಯ ಇಲ್ಲಿಗೇ ಬಿಟ್ಬಿಡೋಣ. ಇದನ್ನ ಎಳೆದ್ರೆ ಆರು ತಿಂಗಳ ಪರೀಕ್ಷೆ ಎಲ್ಲಾ ಎದ್ದು ಕೂರುತ್ತೆ."

ಪೆನ್ನು ಕೈಗೆ ತೆಗೆದುಕೊಂಡಿದ್ದೆ. ಸುಳ್ಳು ಯಾಕೆ ಬರೆಯಲಿ, ಮುಚ್ಚಳವನ್ನೂ ತೆಗೆದಿದ್ದೆ. ಆಗ ಹೊರಗಡೆ ಧಡ್ ಅಂತು.

"ಸಾರ್, ನನ್ನ ಕೈ ಚೆನ್ನಾಗಿದೆ. ಚೆನ್ನಾಗಿರೋ ಕೈಗೆ ವಿನಾಯಿತಿ ಯಾಕೆ? ಅದಿರ್ಲಿ, ಉಳಿದಿಬ್ಬರಿಗೆ ಏನಂತ ಬರೀತೀರಿ? ಅವರ ಕೈ ಮುರಿದಿಲ್ಲವಲ್ಲ."

"ಅವರ ವಿಷಯ ನಿಮಗ್ಯಾಕೆ ಮೇಡಂ?"

ಪತ್ರವನ್ನು ಅವರ ಕಡೆಗೆ ತಳ್ಳಿದೆ. ಕೊನೆಗೆ ಬೇಸತ್ತು, "ಅಂಥ ಟಿವಿ ಈಗ ಎಲ್ಲಿ ಸಿಗುತ್ತೆ? ಮೂರನೇ ತಾರೀಕಿಗೆ ತಂದ್ರೆ ಮೂವರಿಗೂ ಅದರಲ್ಲೇ ಪರೀಕ್ಷೆ ಮಾಡ್ತೀನಿ, ಹೋಗಿ" ಅಂದರು. ತರಲಾರಳು ಅನ್ನುವ ಧೈರ್ಯ.

ಮನೆಗೆ ಬಂದು ನಮ್ಮವರಿಗೆ ಹೇಳಿದರೆ, "ಬಾಗಿಲು ತೆರೆದಿತ್ತು, ನೀನು ಗೋಡೆ ಒಡೆದುಕೊಂಡು ಹೋಗ್ತೀನಿ ಅಂತೀಯ" ಅಂದರು. ಪರೀಕ್ಷೆಯಲ್ಲಿ ಬಿದ್ದಿದ್ದೀಯ ಅಂತ ಆಫೀಸಿನವರು ಹೇಳಿದ್ದಾರೆ, ಬಿದ್ದಿಲ್ಲ ಅಂತ ಅವರ ಬಾಯಲ್ಲೇ ಹೇಳಿಸಬೇಕು, ಅಷ್ಟೇ. ಇದು ನನ್ನ ಹಟ. ತಾತನಿಗಾಗಿ ಏನೂ ಅಲ್ಲ.

ಮಾರ್ಚ್ 23, ಶನಿವಾರ

ರಿಪೇರಿಯಮ್ಮ ಕಥೆ ಕೇಳಿ ಸ್ಕ್ರೂವನ್ನು ಬಾಯಿಂದ ತೆಗೆದರು. "ಕೊಡ್ತೀನಿ. ಆದ್ರೆ ಟಿವಿ ಒಂದೇ ಎಲ್ಲಿಗೂ ಹೋಗಲ್ಲ, ನಾನೂ ಬರ್ತೀನಿ" ಅಂದರು. ಅಲ್ಲಿದ್ದ ಗಿರಾಕಿಗಳಿಬ್ಬರು, ಹಳೆಯ ಆಟಗಳಿಗಾಗಿಯೇ ಟಿವಿ ಹುಡುಕುತ್ತ ಬಂದ ಗಂಡ ಹೆಂಡತಿ, ತಾವು ನೋಡುತ್ತಿದ್ದ ಟಿವಿಯನ್ನೇ ನಮಗೆ ಬಿಟ್ಟುಕೊಟ್ಟರು. "ಗೆದ್ದು ಬನ್ನಿ, ಆಮೇಲೆ ನಾವು ತಗೋತೀವಿ" ಅಂದರು.

ಏಪ್ರಿಲ್ 3, ಬುಧವಾರ

ನಲವತ್ತೆರಡು ಕೆಜಿ. ಭಾರವೆಲ್ಲ ಮುಂದಕ್ಕೆ, ಗಾಜಿನ ಕಡೆಗೆ. ಬೆನ್ನು ಅಷ್ಟು ದಪ್ಪ ಕಂಡರೂ ಬರೀ ಗಾಳಿ. ಆಪರೇಟರುಗಳಾದ ನಮಗೆ ಭಾರ ಎಲ್ಲಿದೆ ಅಂತ ಒಂದು ಸಲ ಎತ್ತಿ ನೋಡಿದರೆ ಸಾಕು. ನಮ್ಮವರು ಬೇಕರಿಯ ಬ್ರೆಡ್ಡಿನ ಗಾಡಿಯಲ್ಲಿ, ಹಿಟ್ಟಿನ ಚೀಲಗಳ ನಡುವೆ, ಟಿವಿಯನ್ನು ಗೇಟಿನವರೆಗೆ ತಂದುಕೊಟ್ಟರು. "ಬಿದ್ರೆ ಕೈ ಬಿಟ್ಬಿಡು, ಕಾಲು ಉಳಿಸ್ಕೋ" ಅಂತ ಬುದ್ಧಿ ಹೇಳಿ ಹೋದರು.

ತರಬೇತಿ ಕೋಣೆ ಎರಡನೇ ಮಹಡಿಯಲ್ಲಿದೆ. ಕ್ರೇನ್ ಇದ್ದೂ ನಾವು ಮುಟ್ಟುವ ಹಾಗಿಲ್ಲ. ತಾತ ಗಾಜಿನ ಕಡೆ, ಕನ್ನಡಕ ಎಡಕ್ಕೆ, ನಾನು ಬಲಕ್ಕೆ. ಹಿಂದೆ ರಿಪೇರಿಯಮ್ಮ, ಮೆರವಣಿಗೆಯ ಯಜಮಾನಿ. ಮೊದಲ ತಿರುವಿನಲ್ಲಿ ನನ್ನ ಮಣಿಕಟ್ಟು ಚುರುಕ್ ಅಂತು. "ಇಳಿಸೋಣವಾ?" ಅಂತ ತಾತ ಕೇಳಿದರು. ಬೇಡ ಅಂದೆ. ಅವರು ನನ್ನ ಕಡೆಯ ಭಾರವನ್ನೂ ತಮ್ಮ ಎದೆಗೆ ಒರಗಿಸಿಕೊಂಡರು.

ಬದಲಿ ಆಪರೇಟರ್ ಮೇಲಿನಿಂದ ಮೈಕಿನಲ್ಲಿ, "ಮ್ಯೂಸಿಯಂ ಯಾವ ಕಡೆ?" ಅಂದ. ಗೋದಾಮು ನಕ್ಕಿತು. ನಾನು ತಲೆಯೆತ್ತಿ ಜೋರಾಗಿ ಕೂಗಿದೆ: "ನೆಲ ತಂದಿದ್ದೀವಿ ಕಣೋ, ಡೊಂಕಿಲ್ಲದ್ದು!"

ಟಿವಿ ಹಚ್ಚಿದ ಮೇಲೆ ಅರ್ಧ ಗಂಟೆ ಯಾರೂ ಮುಟ್ಟಬಾರದು, ಟ್ಯೂಬು ಬೆಚ್ಚಗಾಗಬೇಕು ಅಂತ ರಿಪೇರಿಯಮ್ಮ ಅಪ್ಪಣೆ ಮಾಡಿದರು. ಸುರಕ್ಷತಾ ಅಧಿಕಾರಿ ಗಡಿಯಾರ ನೋಡುತ್ತಾ ಕೂತರು. ಆಮೇಲೆ ದಪ್ಪ ಕೇಬಲ್ಲಿನ ದಾರ ಬಿಚ್ಚಿ ಹಳೆಯ ಟಿವಿಗೆ ಚುಚ್ಚಿದೆವು. ಹಳದಿ ಪಿನ್ನನ್ನು ದೊಡ್ಡ ಟಿವಿಯಲ್ಲೇ ಬಿಟ್ಟೆವು. ಒಂದೇ ಪೆಟ್ಟಿಗೆ, ಎರಡು ಟಿವಿ ಅಕ್ಕಪಕ್ಕ.

"ನಿಮ್ಮ ಫೋನಲ್ಲೇ ನಿಧಾನದ ವಿಡಿಯೋ ತೆಗೀರಿ ಸಾರ್, ನಮ್ಮದು ಬೇಡ" ಅಂದೆ.

ತೆಗೆದರು. ನೋಡಿದರು. ಹಳೆಯ ಟಿವಿಯಲ್ಲಿ ಕೆಂಪು ದೀಪ ಹೊತ್ತಿಕೊಂಡಿದೆ, ದೊಡ್ಡದು ಇನ್ನೂ ಕತ್ತಲು. ಕತ್ತಲು, ಕತ್ತಲು, ಆಮೇಲೆ ದೀಪ. ಅವರು ಅದನ್ನು ನಾಲ್ಕು ಸಲ ನೋಡಿದರು. ಕೊನೆಗೆ ಫೋನು ಕೆಳಗಿಟ್ಟು, "ಕೂತ್ಕೊಳ್ಳಿ ಮೇಡಂ, ನಿಮ್ಮದೇ ಮೊದಲು" ಅಂದರು.

"ಮೊದಲು ಬಿದ್ದವರು ಮೊದಲು" ಅಂದೆ. ಕುರ್ಚಿಯನ್ನು ತಾತನ ಕಡೆ ತಿರುಗಿಸಿದೆ.

ಅವರು ಅಂಗಿಯ ತೋಳು ಮಡಚಿ ಕೂತರು. ನಲವತ್ತು ದೀಪ. ನಾನು ಅವರ ಬೆರಳನ್ನೇ ನೋಡುತ್ತಿದ್ದೆ. ನವೆಂಬರಿನಲ್ಲಿ ಅವರಿಗೆ ಐವತ್ತೈದು ಬಂದಿತ್ತು. ಇವತ್ತು ನಲವತ್ಮೂರು ಬಂತು.

ಮಿತಿಗಿಂತ ಮೂರು ಜಾಸ್ತಿ. "ಇನ್ನೊಂದ್ಸಲ ಮಾಡಿ, ಮೆಟ್ಟಿಲು ಹತ್ತಿ ಸುಸ್ತ್ ಆಗಿದೆ, ಭಾರ ಎಲ್ಲಾ ನೀವೇ ಹೊತ್ತ್ರಿ" ಅಂದೆ. ಅಧಿಕಾರಿಯೂ ಆಗಲಿ ಅಂದರು. ತಾತ ಮತ್ತೆ ಕೂತರು. ಮತ್ತೆ ನಲವತ್ಮೂರು.

"ಸಾಕಮ್ಮ" ಅಂದರು, ಏಳುತ್ತಾ. "ಇದು ನಂದೇ. ಅವತ್ತು ಐವತ್ತೈದು ಅಂದಾಗ ಅದನ್ನ ಏನು ಮಾಡಿದ್ರೂ ನುಂಗೋಕಾಗಿರ್ಲಿಲ್ಲ. ನನ್ನ ಕೈ ನಂಗೆ ಗೊತ್ತಿಲ್ವಾ? ಇದನ್ನ ನುಂಗ್ತೀನಿ." ಆಮೇಲೆ ಟಿವಿಯ ತಲೆಯ ಮೇಲೆ ಒಂದು ಸಲ ಕೈಯಿಟ್ಟು, "ಬೆಚ್ಚಗಿದೆ" ಅಂದರು.

ಕನ್ನಡಕನಿಗೆ ಮೂವತ್ತೇಳು ಬಂತು. ಅವನು ಅಲ್ಲೇ ಕೂತು ಅತ್ತುಬಿಟ್ಟ.

ನನಗೆ ಮೂವತ್ನಾಲ್ಕು.

ನಲವತ್ಮೂರು ಇದ್ದದ್ದು ನಲವತ್ತಾಗಿದ್ದರೆ ಏನು ಗಂಟು ಹೋಗುತ್ತಿತ್ತು? ಊಟ ಸೇರಲಿಲ್ಲ. ನಮ್ಮವರು ಗೆದ್ದಿದ್ದಕ್ಕೆ ಬೇಕರಿಯಿಂದ ಕೇಕು ತಂದಿದ್ದರು, ಹಾಗೇ ಇದೆ.

ಏಪ್ರಿಲ್ 5, ಶುಕ್ರವಾರ

ತರಬೇತಿ ಕೋಣೆಯ ದೊಡ್ಡ ಟಿವಿಯನ್ನು ಊಟದ ಕೋಣೆಗೆ ಸಾಗಿಸಿದ್ದಾರೆ. ಅಲ್ಲಿ ಅದು ಚೆನ್ನಾಗಿದೆ. ಕ್ರಿಕೆಟ್ಟು ಹನ್ನೆರಡು ಭಾಗ ತಡವಾಗಿ ಬಂದರೆ ಯಾರ ಗಂಟೂ ಹೋಗುವುದಿಲ್ಲ. ಪರೀಕ್ಷೆಗೆಂದು ರಿಪೇರಿಯಮ್ಮನ ಹತ್ತಿರ ಬೇರೊಂದು ಹಳೆಯ ಟಿವಿ ತರಿಸಿದರು. ಅದಕ್ಕೆ ಚೀಟಿ ಅಂಟಿಸಿದ್ದು ನಾನು. ಆ ಮೇಜಿನ ಮೇಲೆ ನನ್ನ ಕೊನೆಯ ಕೆಲಸ.

ಏಪ್ರಿಲ್ 7, ಭಾನುವಾರ

ತಾತನನ್ನು ರಿಪೇರಿಯಮ್ಮನ ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ತಂಗಿಯೂ ಬಂದಳು. ಮೂವರೂ ಸೇತುವೆ ಆಡಿದೆವು. ತಾತ ಪ್ರತಿ ಸಲ ಹನ್ನೊಂದನೇ ಹಲಗೆಯಲ್ಲಿ ಬೀಳುತ್ತಿದ್ದರು. ಬಿದ್ದಾಗಲೆಲ್ಲ "ಇದು ನಾನೇ ಬಿದ್ದಿದ್ದು!" ಅಂತ ಖುಷಿಯಿಂದ ಕೂಗುತ್ತಿದ್ದರು. ನಗು ತಡೆಯಲಾಗಲಿಲ್ಲ. ತಂಗಿ ಮೂರನೇ ಸೇತುವೆ ದಾಟಿದಳು, ನಾನು ಎರಡರಲ್ಲೇ ಮುಗಿಸಿದೆ. ಚೆನ್ನಾಗಿ ಆಡಿದಳು.

ಚೀಟಿಯ ಮೇಜು ಬೇಡ, ಕೆಳಗೆ ನಿಂತು ಕ್ರೇನಿಗೆ ಸನ್ನೆ ಕೊಡುವ ಕೆಲಸ ಕೊಡಿ ಅಂತ ತಾತ ಕೇಳಿದ್ದಾರಂತೆ. ಅದಕ್ಕೆ ಗುಂಡಿಯ ಪರೀಕ್ಷೆ ಇಲ್ಲ, ಕಣ್ಣು ಮತ್ತು ಅನುಭವ ಇದ್ದರೆ ಸಾಕು. ಒಪ್ಪಿದ್ದಾರೆ.

ಏಪ್ರಿಲ್ 8, ಸೋಮವಾರ

ಮೂವತ್ತೆಂಟು ಮೆಟ್ಟಿಲು ಹತ್ತಿದೆ. ಬದಲಿ ಆಪರೇಟರ್ ಸೀಟನ್ನು ತೀರಾ ಹಿಂದಕ್ಕೆ ತಳ್ಳಿಟ್ಟಿದ್ದ. ಮುಂದಕ್ಕೆ ಎಳೆದು, ಗಾಜು ಒರೆಸಿ, ಕೂತೆ. ಸನ್ನೆಕೋಲು ಅಂಗೈಯಲ್ಲಿ ಕೂತಾಗ ಕಣ್ಣಲ್ಲಿ ನೀರು ಬಂತು, ಬರಲಿ ಅಂತ ಬಿಟ್ಟೆ. ಅಷ್ಟು ಮೇಲೆ ಯಾರಿಗೆ ಕಾಣುತ್ತದೆ?

ಸುರುಳಿ ಲಾರಿಗೆ ಮುಟ್ಟುವ ಕೊನೆಯ ಒಂದು ಗೇಣು ಮೇಲಿನಿಂದ ಕಾಣುವುದಿಲ್ಲ, ಕೆಳಗಿನವರ ಕೈಯೇ ನಮಗೆ ಕಣ್ಣು. ಇಷ್ಟು ವರ್ಷ ಪಕ್ಕದ ಕ್ರೇನಿನಲ್ಲಿದ್ದವರು ಇವತ್ತು ನನ್ನ ಸುರುಳಿಯ ಪಕ್ಕ ನಿಂತಿದ್ದರು. ಬೆರಳು ಆಡಿಸಿದರು, ಇಳಿಸಿದೆ. ಮುಷ್ಟಿ ಹಿಡಿದರು, ನಿಲ್ಲಿಸಿದೆ. ಎಲ್ಲಿ ನಿಲ್ಲಿಸಬೇಕು ಅನ್ನುವುದು ಅವರಿಗೆ ನನಗಿಂತ ಮೊದಲೇ ಗೊತ್ತಿರುತ್ತದೆ.

ಚಹಾ ಹೊತ್ತಿನಲ್ಲಿ ಕನ್ನಡಕ ಬಂದು, "ಏನಕ್ಕಾ, ಮೈಕಿನಲ್ಲಿ 'ಅಣ್ಣಾ, ಇಳಿಸ್ಲಾ' ಅಂದ್ಬಿಟ್ರಿ? ತಾತ ಅಂತ ಹೆಸರಿಟ್ಟೋರು ನೀವೇ ಅಲ್ವಾ?" ಅಂದ. ಹಾಗಂದೆನೇ? ನನಗೆ ನೆನಪಿಲ್ಲ. ಕೆಲಸದಲ್ಲಿ ಬಾಯಿಗೆ ಬಂದದ್ದು ಅಂದಿರುತ್ತೇನೆ.

ಸಂಜೆಯ ಕೊನೆಯ ಲಾರಿಗೆ ಎರಡು ಸುರುಳಿ. ಡ್ರೈವರ್ ಕಣ್ಣುಜ್ಜಿಕೊಂಡು ಕೆಳಗಿಳಿದು ಬಂದು, "ಇನ್ನೂ ಎಷ್ಟು ಹೊತ್ತು ಕಾಯ್ಬೇಕು? ಯಾವಾಗ ಹಾಕ್ತೀರಿ?" ಅಂತ ಅಣ್ಣನ ಮೇಲೆ ರೇಗಿದ.

ಆಗಲೇ ಹಾಕಿ ಆಗಿತ್ತು.